ನೀಲಗಿರಿಯ ಕೆಸರಿನಲ್ಲಿ ತನ್ನೂರು

ಓವನ್ ಮೆರೆಡಿತ್ ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದ ರಾಬರ್ಟ್ ಲಿಟ್ಟನ್ 1877ರಲ್ಲಿ ಊಟಿಯಿಂದ ತನ್ನ ಹೆಂಡತಿಗೊಂದು ಪತ್ರ ಬರೆದ. ಊಟಿಯ ಚರಿತ್ರೆ ಹೇಳುವವರೂ ಅದರ ಚೆಲುವನ್ನು ಕೊಂಡಾಡುವವರೂ ಇಂದಿಗೂ ಆ ಪತ್ರವನ್ನು ನೆನೆಯುತ್ತಾರೆ. ಮಳೆ ಹಿಡಿದ ಮಧ್ಯಾಹ್ನ, ಕೆಸರಾದ ದಾರಿ. ಬೇರೆ ಯಾರಾದರೂ ಗೊಣಗುವಲ್ಲಿ ಈ ಕವಿ ಹಿಗ್ಗುತ್ತಾನೆ. ಆ ಮಳೆಯನ್ನೂ ಆ ಕೆಸರನ್ನೂ ಇಂಗ್ಲೆಂಡಿನವೆಂದೇ ಬಗೆದು ಸಂಭ್ರಮಿಸುತ್ತಾನೆ. ಊಟಿಯನ್ನು ಸ್ವರ್ಗವೆಂದು ಸಾರುತ್ತಾನೆ, ಅದನ್ನು ಪ್ರೀತಿಸಿದವರು ಹೇಳಿದ್ದೆಲ್ಲ ಕಡಿಮೆಯೇ ಆಯಿತು ಎನ್ನುತ್ತಾನೆ. ಭಾವ ಉಕ್ಕುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. ಕವಿಯ ಪತ್ರದಲ್ಲಿ ಹೀಗೆ ಭಾವ ಉಕ್ಕಿದ್ದು ಕಂಡರೆ, ಅದು ಬೆಟ್ಟ ಮಳೆ ಮರಗಳ ಕುರಿತಾಗಿದ್ದರೆ, ನಾವು ತಡಮಾಡದೆ ಅದನ್ನು ಪ್ರಕೃತಿಯ ಮೇಲಿನ ಭಕ್ತಿ ಎಂದು ಕರೆದುಬಿಡುತ್ತೇವೆ. ಈ ರೂಢಿಯ ಮೇಲೇ ನನ್ನ ತಕರಾರು. ಭಾವ ಎಷ್ಟು ಬಿಸಿಯಾಗಿದೆ ಎಂಬುದು ಒಂದು ಪ್ರಶ್ನೆ. ಆ ಬಿಸಿಯ ಎದುರು ನಿಂತ ನೆಲಕ್ಕೆ ತಾನು ತಾನಾಗಿರಲು ಎಷ್ಟು ಜಾಗ ಉಳಿದಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಲಿಟ್ಟನ್ನನ ಪತ್ರ ಧಾರಾಳವಾಗಿ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದಿಲ್ಲ. ಭಕ್ತಿ ಎಂಬ ಮಾತು ಎರಡನೆಯ ಪ್ರಶ್ನೆಗೆ ಸೇರಿದ್ದು.

ಪತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂದೂಸ್ಥಾನದ ವೈಸರಾಯ್ ಆಗಿದ್ದವನು, ಅದೇ ವರ್ಷದ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಘೋಷಿಸಿದವನು, ಕೆಸರನ್ನು ಕಂಡು ಮಗುವಿನಂತೆ ಕುಣಿಯುವುದು ಸಣ್ಣ ಸಂಗತಿಯಲ್ಲ. ಹೂವು, ಮುಗಿಲು, ಸೂರ್ಯಾಸ್ತಗಳನ್ನು ಹೊಗಳುವುದು ಸುಲಭ. ಕೆಸರನ್ನು ಹೊಗಳಲು ಮೈ ಚುರುಕಾಗಿರಬೇಕು. ಬಯಲುಸೀಮೆಯ ಕಾವಿನಲ್ಲಿ ಬೆಂದು ಬಂದವನ ಚರ್ಮಕ್ಕೆ ತಂಪು ತಗುಲಿದ ಆ ಗಳಿಗೆ ಪತ್ರದಲ್ಲಿ ನಿಜವಾಗಿಯೂ ಇದೆ. ಆದರೆ ಮರುಗಳಿಗೆಯಲ್ಲೇ ಆತ ಐದು ಸ್ಥಳಗಳನ್ನು ಸಾಲಾಗಿ ಹೆಸರಿಸುತ್ತಾನೆ: ಹರ್ಟ್‌ಫರ್ಡ್‌ಶೈರಿನ ಓಣಿಗಳು, ಡೆವನ್‌ಶೈರಿನ ಹುಲ್ಲುದಿಬ್ಬಗಳು, ವೆಸ್ಟ್‌ಮೋರ್ಲೆಂಡಿನ ಸರೋವರಗಳು, ಸ್ಕಾಟ್ಲೆಂಡಿನ ಟ್ರೌಟ್ ಮೀನಿನ ಹೊಳೆಗಳು, ಕೊನೆಗೆ ಪೋರ್ಚುಗಲ್ಲಿನ ನೋಟಗಳು. ಓದುವವರಿಗೆ ಇದೊಂದು ಹಿಗ್ಗಿನ ಪಟ್ಟಿಯಂತೆ ತೋರುತ್ತದೆ. ಬರೆದವನ ಬದುಕನ್ನು ಪಕ್ಕದಲ್ಲಿಟ್ಟು ನೋಡಿದರೆ ಪಟ್ಟಿಯ ಗುಟ್ಟು ತಿಳಿಯುತ್ತದೆ. ಲಿಟ್ಟನ್ನರ ಮನೆತನದ ಬಂಗಲೆ ನೆಬ್‌ವರ್ತ್ ಇರುವುದು ಹರ್ಟ್‌ಫರ್ಡ್‌ಶೈರಿನಲ್ಲಿ. 1876ರಲ್ಲಿ ವೈಸರಾಯ್ ಆಗಿ ಬರುವ ಮುನ್ನ ಆತ ರಾಜತಾಂತ್ರಿಕನಾಗಿ ಇದ್ದದ್ದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ. ಅಂದರೆ ಸಾಲು ಹೊರಡುವುದು ಹುಟ್ಟಿದ ಮನೆತನದ ಓಣಿಯಿಂದ, ಮುಗಿಯುವುದು ಹಿಂದಿನ ಕೆಲಸದ ಊರಿನಲ್ಲಿ. ನೀಲಗಿರಿಯ ವರ್ಣನೆ ಎಂದುಕೊಂಡು ನಾವು ಓದುತ್ತಿರುವುದು ಒಬ್ಬ ಮನುಷ್ಯನ ಆತ್ಮಚರಿತ್ರೆಯ ಸಾರಾಂಶ. ಅದು ಹೆಂಡತಿಗೆ ಬರೆದದ್ದೆಂಬುದು ಇದಕ್ಕೆ ಇನ್ನಷ್ಟು ಹೊಂದುತ್ತದೆ. ಆ ಊರುಗಳ ನೆನಪು ಇಬ್ಬರದೂ ಹೌದು. ದಾಂಪತ್ಯದ ಪತ್ರವಾಗಿ ಇದು ಚೆಂದವಾಗಿದೆ. ಆದರೆ ಬೆಟ್ಟದ ಬಗ್ಗೆ ಈ ಪತ್ರದಿಂದ ಏನು ತಿಳಿಯಿತು ಎಂದು ಕೇಳಿ ನೋಡಿ. ಒಂದು ಮರದ ಹೆಸರಿಲ್ಲ, ಒಂದು ಹಕ್ಕಿಯ ದನಿಯಿಲ್ಲ, ಕಣಿವೆಯ ಮಡಿಲಲ್ಲಿ ಒತ್ತಾಗಿ ಬೆಳೆಯುವ ಶೋಲಾ ಕಾಡು ಮತ್ತು ಅದರ ಮೇಲಿನ ಬೋಳು ಹುಲ್ಲುಗಾವಲು ಅಕ್ಕಪಕ್ಕ ನಿಲ್ಲುವ ಆ ವಿಚಿತ್ರ ಜೋಡಣೆಯಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು ಬೆಟ್ಟಕ್ಕೆ ನೀಲಿ ಬಳಿಯುವ ಕುರಿಂಜಿ ಇಂಗ್ಲೆಂಡಿನ ಯಾವ ಓಣಿಯಲ್ಲಿದೆ?

ಇದಕ್ಕೊಂದು ಗಟ್ಟಿಯಾದ ಆಕ್ಷೇಪಣೆ ಬರಬಹುದು. ಲಿಟ್ಟನ್ ಕಂಡ ಊಟಿ ನಿಜವಾಗಿಯೂ ಇಂಗ್ಲಿಷ್ ಊರಾಗಿತ್ತಲ್ಲ, ಕಂಡದ್ದನ್ನು ಕಂಡಹಾಗೆ ಬರೆದರೆ ತಪ್ಪೇನು ಎಂದು. ಅರ್ಧ ನಿಜ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಕ್ಕೆ ಬಂದ. ಇಲ್ಲಿ ಮೊದಲಿನಿಂದ ಇದ್ದ ತೋಡರ ಮಂದುಗಳಿದ್ದ, ಅಂದರೆ ಅವರ ಊರುಗಳಿದ್ದ, ಕಣಿವೆಯಲ್ಲಿ ಕಲ್ಲುಮನೆ ಕಟ್ಟಿಸಿದ, ಹಳ್ಳಕ್ಕೆ ಒಡ್ಡು ಹಾಕಿಸಿ ಕೆರೆ ಮಾಡಿಸಿದ. ವೆಸ್ಟ್‌ಮೋರ್ಲೆಂಡಿನ ಸರೋವರದಂತೆ ಕಂಡದ್ದು ಆ ಒಡ್ಡಿನ ನೀರು. ಆಮೇಲೆ ಆಸ್ಟ್ರೇಲಿಯಾದಿಂದ ನೀಲಗಿರಿ ಮರವೂ ವಾಟಲ್ ಮರವೂ ಬಂದವು, ಸಸ್ಯೋದ್ಯಾನ ಎದ್ದಿತು, ಆಲೂಗಡ್ಡೆ ಕೋಸುಗಳು ಹೊಲ ಹೊಕ್ಕವು, 1860ರ ದಶಕದಲ್ಲಿ ಸಿಂಕೋನಾ ತೋಟಗಳು ಬಂದವು. ನಾವು ನೀಲಗಿರಿ ಎಣ್ಣೆ ಎಂದು ಕರೆಯುವುದು ಕೂಡ ಹೊರಗಿನಿಂದ ಬಂದ ಮರದ ಎಣ್ಣೆಯನ್ನೇ. ಬೆಟ್ಟದ ಹೆಸರನ್ನು ಆ ಮರ ತನ್ನದಾಗಿಸಿಕೊಂಡಿತು. ಹೀಗೆ ಅರ್ಧ ಶತಮಾನದಲ್ಲಿ ಆಳುವವರು ತಮಗೆ ಬೇಕಾದ ಊರನ್ನು ಕಟ್ಟಿಕೊಂಡಿದ್ದರು, ಕಟ್ಟಿದ್ದು ಅವರ ಕವಿಗೆ ಕಂಡಿತು. ಆದರೆ ಲಿಟ್ಟನ್ ಹೊಗಳಿದ್ದು ಕಟ್ಟಿದ್ದನ್ನು ಮಾತ್ರವಲ್ಲ, ಯಾರೂ ಕಟ್ಟಲಾರದ ಮಳೆಯನ್ನೂ ಮಣ್ಣನ್ನೂ. ಅವಕ್ಕೂ ಇಂಗ್ಲೆಂಡಿನ ಹೆಸರನ್ನೇ ಕೊಟ್ಟ. ಟ್ರೌಟ್ ಹೊಳೆಗಳ ಮಾತಂತೂ ಕಣ್ಣಿಗಿಂತ ಆಸೆ ಮುಂದೆ ಓಡಿದ್ದಕ್ಕೆ ಸಾಕ್ಷಿ. ಆ ಮೀನನ್ನು ಇಲ್ಲಿ ಸಾಕುವ ಪ್ರಯತ್ನಗಳು ಮೊದಲೇ ನಡೆದಿದ್ದರೂ ನೀಲಗಿರಿಯ ಅವಲಾಂಚಿಯಲ್ಲಿನ ಮೀನುಮರಿ ಕೇಂದ್ರದ ಮೂಲಕ ಅದು ನೆಲೆನಿಂತದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ. ಲಿಟ್ಟನ್ ನೋಡಿದ ಹೊಳೆಯಲ್ಲಿ ಇಲ್ಲಿನ ಮೀನುಗಳಿದ್ದವು, ಅವು ಪತ್ರದಲ್ಲಿಲ್ಲ. ಇನ್ನೂ ಒಂದು ಮಾತು. 1834ರಲ್ಲೇ ಮೆಕಾಲೆ ಊಟಿಯಲ್ಲಿ ತಿಂಗಳುಗಟ್ಟಲೆ ತಂಗಿ, ಇಂಗ್ಲೆಂಡಿನ ಕಾಡುಬೆಟ್ಟಗಳ ಹೆಸರು ಹಿಡಿದೇ ಇದನ್ನು ಪತ್ರಗಳಲ್ಲಿ ವರ್ಣಿಸಿದ್ದ. ನಾಲ್ಕು ದಶಕಗಳ ನಂತರ ಲಿಟ್ಟನ್ ಬರೆಯುವಾಗ ಈ ಹೋಲಿಕೆ ಬಹಳ ಕೈ ದಾಟಿ ಸವೆದ ನಾಣ್ಯ. ಸವೆದ ನಾಣ್ಯವನ್ನು ಎಷ್ಟು ಜೋರಾಗಿ ಕುಟ್ಟಿದರೂ ಹೊಸ ಟಂಕಸಾಲೆಯ ಸದ್ದು ಬರುವುದಿಲ್ಲ. ಪತ್ರದ ಭಾವ ಪ್ರಾಮಾಣಿಕವಾದದ್ದೇ, ಆದರೆ ಭಾಷೆ ಎರವಲು; ಎರವಲು ಭಾಷೆಯಲ್ಲಿ ಎದುರಿನ ವಸ್ತು ಸಿಗುವುದಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಆಳವಾದದ್ದು. ಹೊಸದನ್ನು ಯಾರೇ ಆಗಲಿ ಹಳೆಯದರ ಮೂಲಕವೇ ನೋಡುತ್ತಾರೆ. ಉಪಮೆ ಎಂದರೆ ಅದೇ ತಾನೆ? ಕನ್ನಡದವನೂ ಹಾಗೆಯೇ. ಈ ಬೆಟ್ಟಗಳಲ್ಲಿ ಕೂಕಲ್ತೊರೈ ಎಂಬ ಊರಿನ ಹೆಸರು ತಮಿಳು ಬರವಣಿಗೆಯಲ್ಲಿ ಐಕಾರ ಹೊತ್ತು ಬಂದರೂ ಕನ್ನಡದ ಕಿವಿಗೆ ಅದರಲ್ಲಿ ತೊರೆ ಹರಿಯುವ ಸದ್ದೇ ಕೇಳುತ್ತದೆ. ಬಡಗರು ತಮ್ಮ ಊರನ್ನು ಹಟ್ಟಿ ಎನ್ನುವಾಗ ನಮಗೆ ನಮ್ಮ ಹಟ್ಟಿಯ ನೆನಪಾಗುತ್ತದೆ. ಬಡಗ ಎಂಬ ಹೆಸರೇ ಬಡಗಣ ದಿಕ್ಕಿನಿಂದ ಬಂದವರು ಎನ್ನುತ್ತದೆ; ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಹಿರಿಯರ ಕಥೆಯನ್ನು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ಬಂದವರು ತಮ್ಮ ಮಾತನ್ನು ತಂದರು, ದೇವರನ್ನು ತಂದರು, ರಾಗಿ ಸಾಮೆಗಳನ್ನು ಬಿತ್ತಿದರು. ಹಾಗಾದರೆ ಲಿಟ್ಟನ್ ಮಾಡಿದ್ದನ್ನೇ ಅವರೂ ಮಾಡಿದರಲ್ಲವೇ? ಇಲ್ಲ ಎನ್ನುವುದಕ್ಕೆ ಕಾರಣವಿದೆ. ಬಂದ ಬಡಗರು ಇಲ್ಲಿ ಮೊದಲೇ ಇದ್ದ ತೋಡರು, ಕೋತರು, ಕುರುಂಬರೊಡನೆ ಕೊಡುಕೊಳ್ಳುವ ಸಂಬಂಧಕ್ಕೆ ಬಿದ್ದರು. ತೋಡರ ತುಪ್ಪ, ಕೋತರ ಕಬ್ಬಿಣ ಮಡಕೆ ವಾದ್ಯ, ಕುರುಂಬರ ಜೇನು ಮತ್ತು ಮಂತ್ರ, ಅದಕ್ಕೆ ಬದಲಾಗಿ ಬಡಗರ ಧಾನ್ಯ. ಈ ಸಂಬಂಧದಲ್ಲಿ ಜಗಳವೂ ಭಯವೂ ಇತ್ತು, ಮಾಟದ ಹೆಸರಿನಲ್ಲಿ ಕುರುಂಬರ ಮೇಲೆ ಘೋರ ಹಿಂಸೆಯೂ ನಡೆದಿದೆ. ಇದನ್ನು ಸಿಹಿ ಕಥೆ ಮಾಡಬೇಕಿಲ್ಲ. ಆದರೆ ಹೊಸ ನೆಲಕ್ಕೂ ಅದರ ಜನಕ್ಕೂ ತಮ್ಮನ್ನು ಬದಲಿಸುವ ಹಕ್ಕಿದೆ ಎಂದು ಅವರು ಒಪ್ಪಬೇಕಾಯಿತು. ಅವರ ಮಾತು ಕೂಡ ಬದಲಾಯಿತು. ಇವತ್ತು ಬಡಗು ನಮ್ಮ ಕನ್ನಡದ ನೆರೆಯದು, ಕನ್ನಡವೇ ಅಲ್ಲ. ಉಪಮೆಯಲ್ಲೂ ಇದೇ ವ್ಯತ್ಯಾಸ. ಒಳ್ಳೆಯ ಉಪಮೆ ಗೊತ್ತಿದ್ದುದರಿಂದ ಹೊರಟು ಗೊತ್ತಿಲ್ಲದ್ದನ್ನು ಮುಟ್ಟುತ್ತದೆ, ಮುಟ್ಟಿದ ಮೇಲೆ ತನ್ನ ಸೋಲನ್ನೂ ಒಪ್ಪುತ್ತದೆ: ಅದರ ಹಾಗಿದೆ, ಆದರೂ ಅದಲ್ಲ. ಲಿಟ್ಟನ್ನನ ಪತ್ರದಲ್ಲಿ ಈ ‘ಆದರೂ’ ಎಲ್ಲಿಯೂ ಬರುವುದಿಲ್ಲ. ಸ್ವರ್ಗ ಎಂಬ ಅಲ್ಲಿನ ಮಾತಿಗೆ ತನ್ನೂರಿನಿಂದ ಏನೂ ಬೇರೆಯಾಗಿಲ್ಲ ಎಂಬುದೇ ಅರ್ಥ.

ಇನ್ನು ಆ ವರ್ಷದ ಮಾತು. 1876ರಲ್ಲಿ ಹಿಂಗಾರು ಕೈಕೊಟ್ಟಿತು, 1877ರ ಮುಂಗಾರೂ ಸೊರಗಿತು. ಧಾತು ಸಂವತ್ಸರದಲ್ಲಿ ಹತ್ತಿದ ಬರ ಈಶ್ವರ ಸಂವತ್ಸರವನ್ನೂ ನುಂಗಿತು. ಮೈಸೂರು ಸೀಮೆಯ ಹಳ್ಳಿಗಳು ಅದನ್ನು ಧಾತು ಬರವೆಂದು ತಲೆಮಾರುಗಳ ಕಾಲ ನೆನೆದವು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಸತ್ತವರು ಇನ್ನೂ ಹೆಚ್ಚು. ಖರ್ಚು ಹದ್ದುಬಸ್ತಿನಲ್ಲಿರಲೆಂದು ಲಿಟ್ಟನ್ ರಿಚರ್ಡ್ ಟೆಂಪಲ್‌ನನ್ನು ಮದ್ರಾಸಿಗೆ ಕಳಿಸಿದ್ದ. ಟೆಂಪಲ್ ಗೊತ್ತುಮಾಡಿದ ಕೂಲಿ, ದಿನವಿಡೀ ಕಲ್ಲುಮಣ್ಣಿನ ಕೆಲಸ ಮಾಡಿದ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಒಂದಾಣೆ. ಈ ಕೂಲಿಯಲ್ಲಿ ಜೀವ ನಿಲ್ಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಕೊನೆಗೆ 1877ರಲ್ಲಿ ಬರವನ್ನು ಖುದ್ದಾಗಿ ನೋಡಲು ವೈಸರಾಯ್ ದಕ್ಷಿಣಕ್ಕೆ ಬಂದ. ಊಟಿಯ ಪತ್ರ ಹುಟ್ಟಿದ್ದು ಈ ಪ್ರವಾಸದಲ್ಲಿ. ಇದೇ ಪ್ರವಾಸದಲ್ಲಿ ಇದೇ ಹೆಂಡತಿಗೆ ಮದ್ರಾಸಿನ ಪರಿಹಾರ ಶಿಬಿರಗಳ ಬಗ್ಗೆಯೂ ಆತ ಬರೆದಿದ್ದಾನೆ. ಅಲ್ಲಿ ಬರಗಾಲದ ಜನ ಕೆಲಸವಿಲ್ಲದೆ ಕೊಬ್ಬಿ ವನಭೋಜನದ ಸುಖದಲ್ಲಿದ್ದಾರೆ ಎಂಬ ಧಾಟಿ. ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಅವರನ್ನು ನೋಡಿಕೊಳ್ಳುವ ಬಗೆಯನ್ನು ಇಂಗ್ಲೆಂಡಿನ ಜಮೀನ್ದಾರ ತನ್ನ ಹಂದಿ ಎತ್ತುಗಳ ಕೊಬ್ಬನ್ನು ನೋಡಿ ಸಂತೋಷಪಡುವುದಕ್ಕೆ ಹೋಲಿಸುತ್ತಾನೆ.

ಪ್ರಕೃತಿವರ್ಣನೆಯ ಪತ್ರಕ್ಕೆ ರಾಜಕೀಯವನ್ನು ತಂದು ಸುರಿಯುವುದು ಸಾಹಿತ್ಯ ವಿಮರ್ಶೆಯಲ್ಲ ಎನ್ನುವವರಿದ್ದಾರೆ. ಖಾಸಗಿ ಪತ್ರದಲ್ಲಿ ಮನುಷ್ಯ ಒಂದು ಗಳಿಗೆ ಹಗುರಾದರೆ ಅವನ ಇಡೀ ಆಡಳಿತವನ್ನು ಅಲ್ಲಿ ತೂಗಬೇಕೇ ಎಂದು ಕೇಳಬಹುದು. ಆಡಳಿತವನ್ನು ತೂಗುವುದಿದ್ದರೆ ಲಿಟ್ಟನ್ನನ ಕಾಲದಲ್ಲೇ 1878ರಲ್ಲಿ ಬರಗಾಲದ ಆಯೋಗ ನೇಮಕವಾದದ್ದನ್ನೂ, ಅದರಿಂದ ಬರಗಾಲದ ನಿಯಮಾವಳಿಗಳು ಹುಟ್ಟಿದ್ದನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕು. ನಾನು ತೂಗುತ್ತಿರುವುದು ವಾಕ್ಯಗಳನ್ನು. ಎರಡು ಪತ್ರಗಳ ಕಲ್ಪನಾಶಕ್ತಿ ಒಂದೇ ರೀತಿ ಕೆಲಸ ಮಾಡುತ್ತದೆ: ಎದುರಿಗಿರುವುದನ್ನು ಕಂಡ ಕೂಡಲೇ ಇಂಗ್ಲೆಂಡಿನದೊಂದು ಚಿತ್ರವನ್ನು ಅದರ ಮೇಲೆ ಹೊದಿಸುವುದು. ಬೆಟ್ಟದ ಮೇಲೆ ಹೊದಿಸಿದರೆ ಅದು ಚೆಲುವಾಗಿ ಕಾಣುತ್ತದೆ, ಹಸಿದವನ ಮೇಲೆ ಹೊದಿಸಿದರೆ ಕ್ರೌರ್ಯವಾಗುತ್ತದೆ. ಹೊದಿಕೆ ಮಾತ್ರ ಒಂದೇ. ಹರ್ಟ್‌ಫರ್ಡ್‌ಶೈರಿನ ಓಣಿಯನ್ನು ಇಲ್ಲಿ ಕಂಡ ಕಣ್ಣೇ ಇಂಗ್ಲೆಂಡಿನ ಜಮೀನ್ದಾರನ ಹಂದಿಗೂಡನ್ನು ಅಲ್ಲಿ ಕಂಡಿತು. ಅಲ್ಲದೆ ಬರವನ್ನು ಪತ್ರದೊಳಕ್ಕೆ ಹೊರಗಿನಿಂದ ತರಬೇಕಾದ ಅಗತ್ಯವೇ ಇಲ್ಲ, ಮಳೆ ಎಂಬ ಮಾತಿನಲ್ಲೇ ಅದು ಇದೆ. ಆ ವರ್ಷ ತೆಂಕಣ ನಾಡಿನಲ್ಲಿ ಮಳೆ ಎಂಬ ಶಬ್ದಕ್ಕೆ ಬೇರೆ ಅರ್ಥವಿರಲು ಸಾಧ್ಯವೇ ಇರಲಿಲ್ಲ. ಬಳ್ಳಾರಿಯಿಂದ ಕೊಯಮತ್ತೂರಿನವರೆಗೆ ಜನ ಮುಗಿಲು ನೋಡುತ್ತ ಸತ್ತಿದ್ದರು. ಆ ಮಳೆ ಬೆಟ್ಟದ ಮೇಲೆ ಮೈಗೆ ತಾಗಿದಾಗ ಕೆಳಗಿನ ಬಯಲು ನೆನಪಾಗದೆ ತನ್ನೂರು ನೆನಪಾಯಿತು ಎಂಬುದು ಪತ್ರದೊಳಗಿನ ಸಂಗತಿ, ವಿಮರ್ಶಕನೇ ಗಮನಿಸಬೇಕಾದ ಸಂಗತಿ. ಮಳೆಯನ್ನು ಪೂಜಿಸುವವನಿಗೆ ಅದು ಬಾರದ ಕಡೆಯ ನೆನಪೂ ಬರುತ್ತದೆ.

ಹೀಗೆ ಕೇಳುವುದು ಅತಿಯಾಯಿತೇ? ಒಬ್ಬ ಕವಿಯ ಪತ್ರದಲ್ಲಿ ಭಾವತೀವ್ರತೆಯೂ ಇದ್ದು, ನೆಲಕ್ಕೂ ಅದರ ಜನಕ್ಕೂ ಜಾಗವಿರುವುದು ಸಾಧ್ಯವೇ? ಸಾಧ್ಯ ಎಂಬುದಕ್ಕೆ ರವೀಂದ್ರನಾಥ ಠಾಕೂರರ ಪತ್ರಗಳಿವೆ, ಅವುಗಳ ಬೇರಿನ ಒಂದೆಳೆ ನಮ್ಮ ಕಾರವಾರದಲ್ಲಿದೆ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿ ಬಂದು ತಂಗಿದರು. ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮರಳಿದ ಇರುಳನ್ನು ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ನೆನೆದರು. ಪ್ರಕೃತಿಯನ್ನು ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಪ್ರೀತಿ ಲೋಕಕ್ಕೆ ಎಳೆದು ತರುವ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲಿಯೇ. ತಮ್ಮ ಮುಂದಿನ ಬರವಣಿಗೆಗೆಲ್ಲ ಅದೇ ಮುನ್ನುಡಿ ಎಂದು ಅವರೇ ಭಾವಿಸಿದ್ದರು. ಆ ಸತ್ಯೇಂದ್ರನಾಥರ ಮಗಳು ಇಂದಿರೆಗೆ, ಮುಂದಿನ ವರ್ಷಗಳಲ್ಲಿ, ಬಹುಪಾಲು ಪದ್ಮಾ ನದಿಯ ದೋಣಿಮನೆಯಿಂದ, ಬರೆದ ಪತ್ರಗಳು ‘ಛಿನ್ನಪತ್ರ’ ಎಂಬ ಹೆಸರಿನಲ್ಲಿ 1912ರಲ್ಲಿ ಅಚ್ಚಾದವು. ಕವಿ ಮನೆಮಾತುಗಳನ್ನೆಲ್ಲ ಕತ್ತರಿಸಿ ಕೊಟ್ಟಿದ್ದರು. ಹರಿದ ಪತ್ರಗಳು ಎಂಬ ಆ ಹೆಸರು ಪ್ರಾಮಾಣಿಕವಾದದ್ದು. ಹೆಚ್ಚು ಪೂರ್ಣವಾದ ರೂಪದಲ್ಲಿ ಅವು ‘ಛಿನ್ನಪತ್ರಾವಳಿ’ಯಾಗಿ ಬಂದದ್ದು 1960ರಲ್ಲಿ. ಕವಿಪತ್ರಗಳ ಭಾವತೀವ್ರತೆಯನ್ನು ಅಳೆಯುವಾಗ ಅದರಲ್ಲಿ ಕತ್ತರಿಯ ಪಾಲೆಷ್ಟು ಎಂಬುದನ್ನೂ ನೋಡಬೇಕು. ನಡುವಿನ ದಿನಸಿ, ನೆಗಡಿ, ಲೆಕ್ಕಪತ್ರಗಳು ಉದುರಿದರೆ ಉಳಿದದ್ದು ಸಹಜವಾಗಿಯೇ ಹೆಚ್ಚು ಹೊಳೆಯುತ್ತದೆ.

1892ರ ಆಗಸ್ಟಿನ ಒಂದು ಪತ್ರದಲ್ಲಿ ರವೀಂದ್ರರು, ತಾವು ಎಂದೋ ಈ ಭೂಮಿಯೊಡನೆ ಒಂದಾಗಿದ್ದ ಮಸುಕು ನೆನಪು ಬರುತ್ತದೆ, ತಮ್ಮ ಮೈಮೇಲೆ ಹುಲ್ಲು ಚಿಗುರುತ್ತಿತ್ತು ಎಂಬರ್ಥದಲ್ಲಿ ಬರೆಯುತ್ತಾರೆ. ತೀವ್ರತೆಯಲ್ಲಿ ಇದು ಲಿಟ್ಟನ್ನನನ್ನು ಬಹಳ ಹಿಂದೆ ಹಾಕುತ್ತದೆ. ಆದರೆ ಇದೂ ಒಂದು ಬಗೆಯ ಆಕ್ರಮಣವಲ್ಲವೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಲಿಟ್ಟನ್ ಒಂದು ಬೆಟ್ಟವನ್ನು ತನ್ನದೆಂದ; ಇವರು ಇಡೀ ಭೂಮಿಯನ್ನೇ ತಾವೆಂದರು. ಉತ್ತರವಿರುವುದು ದಿಕ್ಕಿನಲ್ಲಿ. ಒಬ್ಬ ನೆಲವನ್ನು ತನ್ನ ನೆನಪಿನೊಳಗೆ ಎಳೆದುಕೊಳ್ಳುತ್ತಾನೆ, ಇನ್ನೊಬ್ಬರು ತಮ್ಮ ನೆನಪನ್ನು ನೆಲದೊಳಗೆ ಇಳಿಸುತ್ತಾರೆ. ಅವರ ಹೆಸರು, ಮನೆತನ, ಊರು ಅಲ್ಲಿ ಕರಗಿ ಹುಲ್ಲು ಮಾತ್ರ ಉಳಿಯುತ್ತದೆ. ಈ ವಿವರಣೆ ಸಾಲದು ಎನ್ನುವವರಿಗೆ ಬೇರೆ ಪತ್ರಗಳನ್ನು ತೋರಿಸಬೇಕು. ಹೊಳೆಯಲ್ಲಿ ತೇಲಿ ಬಂದ ಸತ್ತ ಹಕ್ಕಿಯೊಂದನ್ನು ಕಂಡು ಬರೆದ 1894ರ ಪತ್ರದಲ್ಲಿ ಅವರು ಪಟ್ಟಣದ ಬದುಕು ಮನುಷ್ಯನನ್ನು ಎಷ್ಟು ದೊಡ್ಡದಾಗಿಸಿ ತೋರಿಸುತ್ತದೆ, ಒಂದು ಹಕ್ಕಿಯ ಸಾವು ಅಲ್ಲಿ ಎಷ್ಟು ಲೆಕ್ಕಕ್ಕಿಲ್ಲದ್ದು ಎಂದು ಯೋಚಿಸುತ್ತಾರೆ. ಅದೇ ವರ್ಷದ ಇನ್ನೊಂದರಲ್ಲಿ, ಅಡುಗೆಗೆಂದು ತಂದ ಕೋಳಿ ದೋಣಿಯಿಂದ ನೀರಿಗೆ ಹಾರಿ ಪ್ರಾಣಕ್ಕಾಗಿ ಈಜಿದ್ದನ್ನು ಕಂಡು ಮಾಂಸ ಬಿಡುವ ನಿರ್ಧಾರಕ್ಕೆ ಬರುತ್ತಾರೆ. ಇಲ್ಲಿ ಪ್ರಕೃತಿ ಹಿನ್ನೆಲೆಯ ಪರದೆಯಲ್ಲ. ಊಟದ ತಟ್ಟೆಯವರೆಗೆ ಬಂದು ಬರೆದವರನ್ನು ತಡೆದು ನಿಲ್ಲಿಸುವ ಎದುರಾಳಿ. ನೆಲ ಬರೆದವನಿಗೆ ಎದುರುತ್ತರ ಕೊಡಬಲ್ಲುದಾದರೆ ಮಾತ್ರ ಆ ಪತ್ರದಲ್ಲಿ ಭಕ್ತಿ ಇದೆ ಎನ್ನುತ್ತೇನೆ.

ರವೀಂದ್ರರೂ ಜಮೀನ್ದಾರರೇ, ಅವರ ದೋಣಿಮನೆ ತೇಲಿದ್ದು ರೈತರ ಗೇಣಿಯ ಮೇಲೆ, ಲಿಟ್ಟನ್ನನಿಗೊಂದು ನ್ಯಾಯ ಇವರಿಗೊಂದು ನ್ಯಾಯವೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಆ ಪತ್ರಗಳ ಸೂರ್ಯಾಸ್ತಗಳು ಒಮ್ಮೊಮ್ಮೆ ಒಂದರ ಮೇಲೊಂದು ಬಿದ್ದು ದಣಿಸುತ್ತವೆ ಎಂಬುದೂ ನಿಜ; ಬಿಡುವಿದ್ದವನ ಬಿಡುವು ಪುಟಪುಟದಲ್ಲೂ ಗೋಚರಿಸುತ್ತದೆ. ಆದರೂ 1893ರ ಜುಲೈ ತಿಂಗಳ ಪತ್ರ ನೋಡಿ. ಪದ್ಮೆ ಉಕ್ಕಿ ಹೊಲ ಮುಳುಗುತ್ತಿದೆ, ರೈತರು ಇನ್ನೂ ಹಸಿಯಾದ ಬತ್ತವನ್ನು ಕೊಯ್ದು ದೋಣಿಗೆ ತುಂಬುತ್ತಿದ್ದಾರೆ, ಅವರ ಗೋಳು ಕವಿಯ ಕಿವಿಗೆ ಬೀಳುತ್ತದೆ. ಎಷ್ಟೋ ಪತ್ರಗಳಲ್ಲಿ ಹಾಡಿ ಹೊಗಳಿದ ಅದೇ ನದಿ ಇಲ್ಲಿ ಕಾಳು ಕಟ್ಟದ ತೆನೆಯನ್ನು ನುಂಗುತ್ತದೆ. 1894ರ ಸೆಪ್ಟೆಂಬರಿನ ಪತ್ರವಂತೂ ನೆರೆನೀರು ನಿಂತ ಹಳ್ಳಿಗಳ ರೋಗ, ಕೊಳಕು, ಒದ್ದೆ ಸೀರೆಯಲ್ಲೇ ಮನೆಗೆಲಸ ಮಾಡುವ ಹೆಂಗಸರು, ಬರಿಮೈ ಮಕ್ಕಳು ಎಲ್ಲವನ್ನೂ ಕಣ್ಣು ಮುಚ್ಚದೆ ನೋಡುತ್ತದೆ, ಇದನ್ನೆಲ್ಲ ಸಹಿಸಿಕೊಂಡಿರುವ ನಮ್ಮ ಗುಣದ ಮೇಲೆ ಸಿಟ್ಟಾಗುತ್ತದೆ. ಜಮೀನ್ದಾರಿಕೆಯ ಅನ್ಯಾಯ ಇದರಿಂದ ತೊಳೆದುಹೋಗುವುದಿಲ್ಲ. ಆದರೆ ಮಳೆಯ ಚೆಲುವು, ಮಳೆಯ ಹೊಡೆತ ಎರಡೂ ಒಂದೇ ಕಣ್ಣಿಗೆ ಒಂದೇ ಮಳೆಯಾಗಿ ಬಿದ್ದವು. ಒದ್ದೆ ಸೀರೆಯ ಹೆಂಗಸಿನಿಂದಾಗಿ ಆ ಪತ್ರಗಳ ಚೆಲುವು ಕಡಿಮೆಯಾಗಿಲ್ಲ, ನಂಬುವಂತಾಗಿದೆ.

ರವೀಂದ್ರರವರೆಗೆ ಹೋಗದೆ ನೀಲಗಿರಿಯಲ್ಲೇ ಅಳತೆಗೋಲು ಸಿಗುತ್ತಿತ್ತು ಎಂಬುದು ನನಗೆ ಇನ್ನೂ ಮುಖ್ಯವಾಗಿ ತೋರುವ ಮಾತು. ಬಡಗರ ಹಟ್ಟಿಯಲ್ಲಿ ಸಾವಾದಾಗ ಹೆಣದ ಮುಂದೆ ಹಿರಿಯನೊಬ್ಬ ಸತ್ತವರ, ಅವರ ಹಿರಿಯರ ಪಾಪಗಳನ್ನು ಒಂದೊಂದಾಗಿ ಎಣಿಸಿ ಹಾಡುವ ಪದ್ಧತಿಯಿತ್ತು. ನೆರೆದವರು ದನಿಗೂಡಿಸುತ್ತಿದ್ದರು, ಪಾಪವೆಲ್ಲ ಒಂದು ಕರುವಿನ ಮೇಲೆ ಹೋಗುತ್ತಿತ್ತು, ಬಸವನ ಪಾದ ಸೇರುತ್ತಿತ್ತು. 1300 ಪಾಪಗಳ ಲೆಕ್ಕ ಅದು. ಬಾಸೆಲ್ ಮಿಷನ್ನಿನವರು ಅದನ್ನು ಗುರುತಿಸಿದ್ದರು; ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನಪದ ಹಾಡುಗಳನ್ನು ಕುರಿತ ತನ್ನ ಇಂಗ್ಲಿಷ್ ಪುಸ್ತಕವನ್ನು 1871ರಲ್ಲಿ ಹೊರತಂದಾಗ ಬಡಗರ ಹಾಡುಗಳಿಗೂ ಅದರಲ್ಲಿ ಜಾಗ ಕೊಟ್ಟಿದ್ದ. ಅಂದರೆ ಲಿಟ್ಟನ್ ಬೆಟ್ಟ ಹತ್ತುವ ಆರು ವರ್ಷ ಮೊದಲೇ ಈ ಲೋಕ ಅವನ ಭಾಷೆಯಲ್ಲೇ ಅಚ್ಚಾಗಿತ್ತು. ಆ ಎಣಿಕೆಯಲ್ಲಿ ಹಾವು ಹಲ್ಲಿಗಳಂಥ ಜೀವಿಗಳನ್ನು ಕೊಂದ ಪಾಪವೂ ನೆರೆಯವನ ಗಡಿಕಲ್ಲು ಸರಿಸಿದ ಪಾಪವೂ ಒಂದರ ಪಕ್ಕ ಒಂದು ಬರುತ್ತವೆ. ಸುಳ್ಳು ಹೇಳಿದ್ದು, ಅಣ್ಣತಮ್ಮಂದಿರನ್ನು ಅಗಲಿಸಿದ್ದು ಕೂಡ ಅಲ್ಲಿಯೇ ಇವೆ. ಪ್ರಕೃತಿಗೊಂದು ಅಧ್ಯಾಯ, ಮನುಷ್ಯನಿಗೊಂದು ಅಧ್ಯಾಯ ಎಂದು ಬೇರೆ ಮಾಡಿಲ್ಲ. ಹಲ್ಲಿಗೆ ಮಾಡಿದ್ದಕ್ಕೂ ನೆರೆಯವನಿಗೆ ಮಾಡಿದ್ದಕ್ಕೂ ಒಂದೇ ಕರು ಹೊಣೆ ಹೊರಬೇಕು.

ಇದು ಶಾಸ್ತ್ರ, ಸಾಹಿತ್ಯವಲ್ಲ; ಹೆಣದ ಮುಂದಿನ ಹಾಡನ್ನು ಪತ್ರದ ಪಕ್ಕ ಇಡುವುದು ಸಲ್ಲದು ಎನ್ನಬಹುದು. ಪ್ರಕಾರ ಬೇರೆ ಎಂಬುದನ್ನು ಒಪ್ಪೋಣ. ಆದರೆ ಪತ್ರವೂ ಈ ಹಾಡೂ ಇಬ್ಬರ ನಡುವಿನ ಮಾತು. ಹೆಂಡತಿ ಎದುರಿಗಿಲ್ಲ, ಸತ್ತವನು ಇನ್ನಿಲ್ಲ. ಇಲ್ಲದವರ ಜೊತೆ ಮಾತಾಡುವಾಗಲೇ ಭಾವ ಉಕ್ಕುವುದು. ಬಡಗರ ಹಾಡಿನಲ್ಲಿ ಉಕ್ಕಿದ ದುಃಖ ನೇರವಾಗಿ ಲೆಕ್ಕ ಒಪ್ಪಿಸುವುದಕ್ಕೆ ತಿರುಗುತ್ತದೆ: ಈ ನೆಲದ ಮೇಲೆ ನಡೆದವನು ಏನನ್ನು ತುಳಿದ, ಯಾರದನ್ನು ಕಿತ್ತ. ಬಡಗರ ಬದುಕು ಆ ಹಾಡಿನಷ್ಟೇ ನಿರ್ಮಲವಾಗಿತ್ತು ಎಂದು ಇದರಿಂದ ಸಾಧಿಸಲಾಗದು. ಅವರೂ ಕಾಡು ಕಡಿದು ಹೊಲ ಮಾಡಿದರು. ಇಂದು ಕೋತಗಿರಿ ಕಡೆಯ ಇಳಿಜಾರುಗಳಲ್ಲಿ ಟೀ ಮತ್ತು ಕ್ಯಾರೆಟ್ಟಿನ ನಡುವೆ ಹಳೆಯ ಹುಲ್ಲುಗಾವಲನ್ನು ಹುಡುಕಬೇಕು. ಪಾಪಗಳ ಪಟ್ಟಿ ಅಷ್ಟು ಉದ್ದವಾಗಿರುವುದೇ ಅವು ನಡೆಯುತ್ತಿದ್ದವು ಎಂಬುದಕ್ಕೆ ಸಾಕ್ಷಿ. ಆದರೂ ನೆಲಕ್ಕೆ ಋಣವಿದೆ, ಆ ಋಣ ಸತ್ತ ಮೇಲೂ ಬೆನ್ನು ಬಿಡದು ಎಂಬ ಅರಿವಿದ್ದಲ್ಲಿ ಮಾತು ಹುಟ್ಟುವ ರೀತಿಯೇ ಬೇರೆ. ಲಿಟ್ಟನ್ನನ ಪಟ್ಟಿಯಲ್ಲಿ ಐದು ಊರುಗಳಿವೆ, ಐದೂ ಅವನಿಗೆ ಸುಖ ಕೊಟ್ಟವು. ಬಡಗರ ಪಟ್ಟಿಯಲ್ಲಿರುವುದೆಲ್ಲ ತಾವು ನೋಯಿಸಿದ ಜೀವಗಳು.

ಲಿಟ್ಟನ್ನನ ಮಗಳು ಬೆಟ್ಟಿ ಬಾಲ್ಫರ್ 1906ರಲ್ಲಿ ತಂದೆಯ ಪತ್ರಗಳನ್ನು ಎರಡು ಸಂಪುಟಗಳಲ್ಲಿ ಹೊರತಂದಳು. ಆ ಪತ್ರಗಳನ್ನು, ಅದರಲ್ಲೂ ಊಟಿಯ ಪತ್ರವನ್ನು, ಇನ್ನು ಮುಂದೆ ಓದಬಾರದು ಎಂದು ನಾನು ಹೇಳುತ್ತಿಲ್ಲ. ಮನೆಯ ಹಂಬಲದ ಪತ್ರವೆಂದು ಓದಿದರೆ ಊಟಿಯ ಪತ್ರ ಇಂದಿಗೂ ಮುಟ್ಟುತ್ತದೆ, ಅದರ ಕೆಸರು ಇಂದಿಗೂ ಒದ್ದೆಯಾಗಿದೆ. ನೀಲಗಿರಿಯ ಸ್ತುತಿಯೆಂದು ಓದಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಆ ಸುಳ್ಳನ್ನು ಇಂದಿಗೂ ಪ್ರವಾಸದ ಪುಸ್ತಕಗಳಲ್ಲಿ ಮೆಚ್ಚಿ ಉದ್ಧರಿಸುವವರು ಈ ಬೆಟ್ಟದ ಮಳೆಗೆ ತನ್ನದೇ ಆದ ದಾರಿ ಇದೆ ಎಂಬುದನ್ನು ಮರೆತಿರುತ್ತಾರೆ. ಗೂಡಲೂರಿನ ಕಡೆಗೆ ಹೆಚ್ಚು ಸುರಿಯುವುದು ಮುಂಗಾರು, ಕೋತಗಿರಿಯ ಕಡೆಗೆ ಬಲವಾಗಿ ಬೀಳುವುದು ಹಿಂಗಾರು. ಯಾವ ಮಳೆ ತಪ್ಪಿದರೆ ಯಾವ ಹಟ್ಟಿಯ ಹೊಲ ಒಣಗುತ್ತದೆ ಎಂಬುದು ಇಲ್ಲಿನವರಿಗೆ ಬಾಯಿಪಾಠ. ಊಟಿಯ ಕಣಿವೆಯಲ್ಲಿ ಬಿದ್ದ ನೀರು ಬಡಗಣಕ್ಕಿಳಿದು ಮೋಯಾರ್ ಸೇರಿ, ಮಸಿನಗುಡಿಯ ಕಾಡಿನ ಅಂಚಿನಲ್ಲಿ ಹರಿದು, ಭವಾನಿಯಲ್ಲಿ ಕಲೆತು ಕಾವೇರಿಗೆ ಹೋಗುತ್ತದೆ. ಆ ಮಧ್ಯಾಹ್ನ ವೈಸರಾಯನ ದಾರಿಯನ್ನು ಕೆಸರು ಮಾಡಿದ ಮಳೆಯ ಒಂದಿಷ್ಟು ನೀರಾದರೂ ಹಾಗೆಯೇ, ಆತ ಹತ್ತಿ ಬಂದ ಬಯಲಿನ ಕಡೆಗೆ ಇಳಿದು ಹೋಗಿರಬೇಕು.